ವಿಟಮಿನ್ ಇ ಸೋತದ್ದೆಲ್ಲಿ?

ಆಂಟಿಆಕ್ಸಿಡೆಂಟ್ ಮಾತ್ರೆ ಪಾರ್ಕಿನ್ಸನ್ ಕಾಯಿಲೆಯನ್ನು ನಿಧಾನಗೊಳಿಸೀತೆಂಬ ನಂಬಿಕೆಯನ್ನು ನಿಷ್ಠುರವಾಗಿ ಒರೆಗೆ ಹಚ್ಚಿದ್ದು ಡಾಟಾಟಾಪ್ ಅಧ್ಯಯನ. 1987ರಲ್ಲಿ ಶುರುವಾದ ಇದರಲ್ಲಿ ಅಮೆರಿಕ, ಕೆನಡಾಗಳ 800 ರೋಗಿಗಳಿದ್ದರು. ಎಲ್ಲರೂ ಆರಂಭದ ಹಂತದವರು, ಲಕ್ಷಣಗಳನ್ನು ಇಳಿಸುವ ಮುಖ್ಯ ಔಷಧ ಲೆವೊಡೋಪ ಇನ್ನೂ ಬೇಕಾಗದವರು. ಕೆಲವರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಇ, ಕೆಲವರಿಗೆ 10 ಮಿಲಿಗ್ರಾಂ ಸೆಲೆಜಿಲಿನ್, ಕೆಲವರಿಗೆ ಎರಡೂ, ಉಳಿದವರಿಗೆ ಹುಸಿಮಾತ್ರೆ. ಲೆವೊಡೋಪ ಕೊಡಲೇಬೇಕಾದ ದಿನ ಎಷ್ಟು ಮುಂದೆ ಹೋಗುತ್ತದೆ ಎಂಬುದೇ ಅಳತೆ. ವಿಟಮಿನ್ ಇಯಿಂದ ಪ್ರಯೋಜನವಿಲ್ಲ ಎಂದು 1993ರ ವರದಿ ಮುಚ್ಚುಮರೆಯಿಲ್ಲದೆ ಹೇಳಿತು.

ಹಾಗಾದರೆ ಸೋತದ್ದು ಆಕ್ಸಿಡೀಕರಣದ ಹಾನಿಯೇ ನರಕೋಶಗಳನ್ನು ಕೊಲ್ಲುತ್ತದೆ ಎಂಬ ಸಿದ್ಧಾಂತವೇ? ನನಗೆ ಹಾಗನ್ನಿಸುವುದಿಲ್ಲ. ಮಿದುಳಿನ ಸಬ್‌ಸ್ಟಾನ್ಶಿಯ ನೈಗ್ರ ಎಂಬ ಭಾಗದಲ್ಲಿ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ರಕ್ಷಕ ಕಿಣ್ವ ತನ್ನ ಕೆಲಸ ಮುಗಿಸಿದಾಗ ಉಳಿಯುವುದೂ ಇದೇ ಪೆರಾಕ್ಸೈಡ್. ಅದನ್ನು ನೀರಾಗಿಸುವುದು ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗಳ ಪಾಲಿನ ಕೆಲಸ. ಎರಡನೆಯದಕ್ಕೆ ಗ್ಲುಟಾಥಯೋನ್ ಬೇಕು. ಪಾರ್ಕಿನ್ಸನ್ ರೋಗಿಗಳ ನೈಗ್ರದಲ್ಲಿ ಕಡಿಮೆಯಾಗಿರುವುದೇ ಅದು. ಮಿಕ್ಕ ಪೆರಾಕ್ಸೈಡ್ ಅಲ್ಲಿ ಹೆಚ್ಚಾಗಿ ಶೇಖರವಾದ ಕಬ್ಬಿಣದೊಡನೆ ಸೇರಿ ಇನ್ನೂ ಉಗ್ರವಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗುತ್ತದೆ. ಮುಪ್ಪಿನಲ್ಲೇ ಈ ಜಾಗದ ರಕ್ಷಣೆ ಬಡವಾಗುತ್ತ ಹೋಗುತ್ತದೆ ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಮನುಷ್ಯರ ಮಿದುಳುಗಳನ್ನೇ ಪರಿಶೀಲಿಸಿ 2012ರಲ್ಲಿ ತೋರಿಸಿದ್ದಾರೆ. ವಿಟಮಿನ್ ಇಯಾದರೋ ಜೀವಕೋಶದ ಪೊರೆಯ ಕೊಬ್ಬನ್ನು ಕಾಯುತ್ತದೆ, ಪೆರಾಕ್ಸೈಡನ್ನು ತೆಗೆಯುವುದಿಲ್ಲ. ರೋಗ ಪತ್ತೆಯಾಗುವ ಹೊತ್ತಿಗೆ ಬಹಳಷ್ಟು ನರಕೋಶಗಳು ಹೋಗಿಯೂ ಆಗಿರುತ್ತವೆ. ಜಾಗವೂ ತಪ್ಪು, ಹೊತ್ತೂ ಮೀರಿತ್ತು.

ಡಾಟಾಟಾಪ್ ಅಧ್ಯಯನದ ನಿಜವಾದ ದೌರ್ಬಲ್ಯವಿರುವುದು ಸೆಲೆಜಿಲಿನ್ ವಿಷಯದಲ್ಲಿ. ಲೆವೊಡೋಪದ ಅಗತ್ಯವನ್ನು ಅದು ತಿಂಗಳುಗಟ್ಟಲೆ ಮುಂದೂಡಿತು, ನಿಜ. ಆದರೆ ಡೋಪಮಿನ್ ಒಡೆಯದಂತೆ ತಡೆದು ನಡುಕ, ಬಿಗಿತಗಳನ್ನೂ ಅದು ಕೊಂಚ ಇಳಿಸುತ್ತದೆ. ರೋಗ ನಿಧಾನವಾಯಿತೋ, ಲಕ್ಷಣ ಮರೆಯಾಯಿತೋ? ಆರಿಸಿಕೊಂಡ ಅಳತೆಗೆ ಇವೆರಡನ್ನು ಬೇರ್ಪಡಿಸುವ ಶಕ್ತಿಯೇ ಇರಲಿಲ್ಲ.

ಮುಂದಿನ ಪ್ರಯೋಗಗಳೂ ಕೈಹಿಡಿಯಲಿಲ್ಲ. ದಿನಕ್ಕೆ 2400 ಮಿಲಿಗ್ರಾಂವರೆಗೆ ಕೊಟ್ಟ ಕೋಎಂಜೈಮ್ ಕ್ಯೂ10 ಸೋತಿತು. ಆಂಟಿಆಕ್ಸಿಡೆಂಟ್ ಆದ ಯೂರಿಕ್ ಆಮ್ಲವನ್ನು ಏರಿಸುವ ಇನೋಸಿನ್ ಸೋತಿತು. ಕಬ್ಬಿಣವನ್ನು ಹೊರಹಾಕುವ ಔಷಧ ಡಿಫೆರಿಪ್ರೋನ್‌ನ ಪ್ರಯೋಗ, 2022ರಲ್ಲಿ ವರದಿಯಾದದ್ದು, ಅದಂತೂ ನನ್ನ ವಾದಕ್ಕೇ ತೊಡಕು: ಮಿದುಳಿನ ಕಬ್ಬಿಣ ಇಳಿಯಿತು, ರೋಗಿಗಳ ಸ್ಥಿತಿ ಹದಗೆಟ್ಟಿತು. ಡೋಪಮಿನ್ ತಯಾರಿಸುವ ಕಿಣ್ವಕ್ಕೂ ಕಬ್ಬಿಣ ಬೇಕೇ ಬೇಕು ಎಂಬುದು ಇದಕ್ಕೆ ಕಾರಣವಿರಬಹುದು. ಆದರೂ ಸುಮ್ಮನೆ ಬದಿಗಿಡುವ ಫಲಿತಾಂಶವಲ್ಲ ಅದು.

ಇಷ್ಟಾದ ಮೇಲೂ ಕ್ಯೂ10, ವಿಟಮಿನ್ ಇಗಳು ನರಗಳ ರಕ್ಷಣೆಯ ಹೆಸರಿನಲ್ಲಿ ಮಾರಾಟವಾಗುತ್ತಲೇ ಇರುವುದು ನನ್ನನ್ನು ಕಾಡುತ್ತದೆ. ನಡಿಗೆ ಕುಗ್ಗುತ್ತಿರುವ ಮನುಷ್ಯನಿಗೆ ಫಿಸಿಯೊಥೆರಪಿಯಿಂದ ಆಗುವ ಉಪಕಾರಕ್ಕೆ ಪುರಾವೆ ಇದೆ. ಅದಕ್ಕೆ ಬೇಕಾದ ಹಣ ಮಾತ್ರೆಗೆ ಹೋಗಬಾರದು.