ಕೇಳುವ ಪ್ರೀತಿ: ಸಂತ ಮರಿಯಂ ಬವಾರ್ದಿಯವರ ವಿಧೇಯತೆಯ ಮರುಚಿಂತನೆ

ಕಡೆಯ ಭೋಜನದ ವೇಳೆ ಪ್ರಭು ಯೇಸು ಶಿಷ್ಯರೊಡನೆ ಆಡಿದ ಮಾತುಗಳಲ್ಲಿ ಪ್ರೀತಿಯೂ ಆಜ್ಞಾಪಾಲನೆಯೂ ಒಂದನ್ನೊಂದು ಅಗಲಿ ನಿಲ್ಲುವುದಿಲ್ಲ. ಯೊವಾನ್ನರ ಶುಭಸಂದೇಶದ 14ನೇ ಅಧ್ಯಾಯದ 15ನೇ ವಚನದಲ್ಲಿ ಪಾಲನೆಯು ಪ್ರೀತಿಯಿಂದ ಹುಟ್ಟುತ್ತದೆ. 21ನೇ ವಚನದಲ್ಲಿ ಅದೇ ಪಾಲನೆ ಪ್ರೀತಿಯ ಗುರುತಾಗುತ್ತದೆ. ನಮ್ಮ ಪ್ರಬೋಧನೆಗಳು ಎರಡನೆಯದನ್ನು ಒತ್ತಿ ಹೇಳುವ ಭರದಲ್ಲಿ ಮೊದಲನೆಯದನ್ನು ಮರೆಯುವುದುಂಟು. ಗುರುತು ಬೇರಲ್ಲ. ಗುರುತನ್ನೇ ಬೇರೆಂದು ಭಾವಿಸಿದಾಗ ವಿಧೇಯತೆ ಕೇವಲ ಶಿಸ್ತಾಗಿ ಉಳಿಯುತ್ತದೆ. ಈ ತಪ್ಪು ಎಲ್ಲಿ ಸಂಭವಿಸುತ್ತದೆಂಬುದನ್ನು ನಮ್ಮ ಮಂಗಳೂರಿನ ಇತಿಹಾಸಕ್ಕೇ ಸೇರಿದ ಒಬ್ಬ ಸಂತರ ಕಥೆಯಲ್ಲಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಮರಿಯಂ ಬವಾರ್ದಿ 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಎಂಬಲ್ಲಿ ಮೆಲ್ಕೈಟ್ ಕುಟುಂಬದಲ್ಲಿ ಹುಟ್ಟಿದರು. ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠವನ್ನು ಸೇರಿ, ಶಿಲುಬೆಗೇರಿಸಲ್ಪಟ್ಟ ಯೇಸುವಿನ ಮರಿಯ ಎಂಬ ಹೆಸರು ಪಡೆದರು. 1870ರಲ್ಲಿ ಮಂಗಳೂರಿನಲ್ಲಿ ಮಠವೊಂದನ್ನು ಸ್ಥಾಪಿಸಲು ಹೊರಟ ಭಗಿನಿಯರ ತಂಡದಲ್ಲಿ ಅವರಿದ್ದರು. ದಾರಿಯಲ್ಲೇ ಕೆಲವು ಭಗಿನಿಯರು ತೀರಿಕೊಂಡರು. ಉಳಿದವರು ಇಲ್ಲಿಗೆ ತಲುಪಿದರು. 1871ರ ನವೆಂಬರ್ 21ರಂದು ಮರಿಯಂ ಈ ಊರಿನಲ್ಲಿಯೇ ವ್ರತಸ್ವೀಕಾರ ಮಾಡಿದರು. ಆದರೆ ಅವರಲ್ಲಿ ಕಂಡ ಅಸಾಧಾರಣ ಆಧ್ಯಾತ್ಮಿಕ ಅನುಭವಗಳು ದೇವರಿಂದ ಬಂದವೋ, ಭ್ರಮೆಯೋ ಎಂಬ ಸಂಶಯ ಎದ್ದಿತು. ಆಗಿನ ಪ್ರೇಷಿತ ಪ್ರತಿನಿಧಿ ಧರ್ಮಾಧ್ಯಕ್ಷ ಮರಿ ಎಫ್ರೆಮ್ ಅವರು ಮೊದಲು ಮರಿಯಂರನ್ನು ಬೆಂಬಲಿಸಿದ್ದರೂ ಬಳಿಕ ಶಂಕಿಸಿದರು. 1872ರಲ್ಲಿ ಮರಿಯಂರನ್ನು ಪೋ ನಗರಕ್ಕೆ ಹಿಂದೆ ಕಳುಹಿಸಲಾಯಿತು. ಧರ್ಮಸಭೆ ಅವರನ್ನು 1983ರಲ್ಲಿ ಧನ್ಯರೆಂದೂ 2015ರ ಮೇ 17ರಂದು ಸಂತರೆಂದೂ ಘೋಷಿಸಿತು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಹೇಳುವ ಬಗೆ ಹೀಗಿದೆ: ಮರಿಯಂರ ಮೇಲೆ ಅಪವಾದ ಬಂತು, ಅವರು ಮೌನವಾಗಿ ಒಪ್ಪಿಕೊಂಡರು, ಆದುದರಿಂದ ಸಂತರಾದರು. ಈ ನಿರೂಪಣೆ ಭಕ್ತಿಯುತವಾಗಿ ತೋರಿದರೂ ದೈವಶಾಸ್ತ್ರದ ದೃಷ್ಟಿಯಿಂದ ದುರ್ಬಲವಾಗಿದೆ. ಒಪ್ಪಿಕೊಳ್ಳುವಿಕೆಯೇ ಪಾವಿತ್ರ್ಯವಾದರೆ, ಭಯದಿಂದ ತಲೆಬಾಗಿದವನಿಗೂ ಪ್ರೀತಿಯಿಂದ ತಲೆಬಾಗಿದವನಿಗೂ ವ್ಯತ್ಯಾಸವೇ ಉಳಿಯದು. ಸಂತ ಬೆಸಿಲರು ಗುರುತಿಸಿದ ಮೂರು ಮನೋಭಾವಗಳನ್ನು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 1828ನೇ ಪರಿಚ್ಛೇದದಲ್ಲಿ ಸ್ಮರಿಸುತ್ತದೆ: ಶಿಕ್ಷೆಗೆ ಹೆದರುವ ಗುಲಾಮ, ಕೂಲಿಗೆ ದುಡಿಯುವ ಆಳು, ಒಳಿತನ್ನೂ ಆಜ್ಞಾಪಿಸುವವನನ್ನೂ ಪ್ರೀತಿಸಿ ನಡೆಯುವ ಮಗ. ಹೊರಗಿನಿಂದ ನೋಡಿದರೆ ಮೂವರೂ ಒಂದೇ ಕೆಲಸವನ್ನು ಮಾಡುತ್ತಿರಬಹುದು. ಪ್ರೇರಣೆ ಮಾತ್ರ ಅವರನ್ನು ಬೇರ್ಪಡಿಸುತ್ತದೆ.

ಹಾಗೆಂದು ಭಯಕ್ಕೆ ಸ್ಥಾನವೇ ಇಲ್ಲವೆಂದಲ್ಲ. ಯೊವಾನ್ನರ ಮೊದಲ ಪತ್ರವನ್ನು ವಿವರಿಸುತ್ತಾ ಸಂತ ಆಗಸ್ಟೀನರು ಭಯವನ್ನು ಸೂಜಿಗೂ ಪ್ರೀತಿಯನ್ನು ದಾರಕ್ಕೂ ಹೋಲಿಸುತ್ತಾರೆ. ಸೂಜಿ ಮೊದಲು ಹೊಗದೆ ದಾರ ಹೋಗದು. ಆದರೆ ಸೂಜಿ ಹೊರಬರಲೇಬೇಕು, ಇಲ್ಲವಾದರೆ ಹೊಲಿಗೆ ಮುಗಿಯದು. ನಮ್ಮ ರೂಪಣೆಯಲ್ಲಿ ಸೂಜಿ ಬಟ್ಟೆಯಲ್ಲೇ ಉಳಿದುಬಿಡುವ ಅಪಾಯವಿದೆ. ನಿಯಮಕ್ಕೆ ಹೆದರಿ ಎಂಟು ಹತ್ತು ವರ್ಷ ನಡೆದುಕೊಂಡ ಅಭ್ಯರ್ಥಿ, ನೋಡುವವರಿಲ್ಲದ ಧರ್ಮಕೇಂದ್ರಕ್ಕೆ ಹೋದಾಗ ಪ್ರಾರ್ಥನೆಯನ್ನು ಕೈಬಿಟ್ಟರೆ ಆಶ್ಚರ್ಯಪಡಬೇಕಾಗಿಲ್ಲ. ಭಯದ ವಿಧೇಯತೆ ಅಪ್ಪಣೆ ಮುಗಿದಲ್ಲಿ ಮುಗಿಯುತ್ತದೆ.

ಮರಿಯಂರ ಜೀವನ ಇದಕ್ಕೆ ವಿರುದ್ಧವಾದ ಸಾಕ್ಷ್ಯ. ಹಿಂದಕ್ಕೆ ಕಳುಹಿಸಲ್ಪಟ್ಟವರು ಕಹಿಯಲ್ಲಿ ಮುದುಡಿಕೊಳ್ಳಲಿಲ್ಲ. 1875ರಲ್ಲಿ ಬೆತ್ಲೆಹೇಮಿನ ಕಾರ್ಮೆಲ್ ಸ್ಥಾಪನೆಗೆ ಹೊರಟರು. 1878ರಲ್ಲಿ ಆ ಮಠದ ಕಟ್ಟಡದ ಕೆಲಸಗಾರರಿಗೆ ನೀರು ಹೊತ್ತೊಯ್ಯುವಾಗ ಬಿದ್ದು ತೋಳು ಮುರಿದುಕೊಂಡರು. ಗಾಯ ಕೊಳೆತು ಆಗಸ್ಟ್ 26ರಂದು, 32ನೇ ವಯಸ್ಸಿನಲ್ಲಿ ನಿಧನರಾದರು. ಅವರ ವಿಧೇಯತೆಯ ಅರ್ಥವನ್ನು 1872ರ ಹಡಗಿನ ಪ್ರಯಾಣವೊಂದರಲ್ಲೇ ಹುಡುಕದೆ, ಆ ನೀರಿನ ಕೊಡದವರೆಗೂ ಅನುಸರಿಸಿ ನೋಡಬೇಕು.

ಇಲ್ಲಿ ಇನ್ನೊಂದು ಪ್ರಶ್ನೆಯನ್ನು ತಪ್ಪಿಸಲಾಗದು. ಅಧಿಕಾರಿಗಳ ತೀರ್ಮಾನ ತಪ್ಪಾಗಿದ್ದರೆ ಅದಕ್ಕೆ ವಿಧೇಯರಾಗುವುದು ದೇವರಿಗೆ ವಿಧೇಯರಾಗುವುದೇ? ಸಂತ ತೋಮಾಸ್ ಅಕ್ವಿನಾಸರು ಸುಮ್ಮಾದ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, 104ನೇ ಪ್ರಶ್ನೆಯಲ್ಲಿ, ಸ್ಪಷ್ಟವಾದ ಗೆರೆ ಎಳೆಯುತ್ತಾರೆ: ಸಂಕಲ್ಪದ ಒಳಚಲನೆಗಳಲ್ಲಿ ಮನುಷ್ಯನು ದೇವರಿಗೆ ಮಾತ್ರ ಬದ್ಧನು. ಮೇಲಧಿಕಾರಿ ಪ್ರಯಾಣವನ್ನು ಆಜ್ಞಾಪಿಸಬಹುದು, ಸತ್ಯವನ್ನು ಆಜ್ಞಾಪಿಸಲಾರನು. ಮರಿಯಂ ಹಿಂದಿರುಗಿದ್ದರಿಂದ ಅವರ ಮೇಲಿನ ಸಂಶಯ ನಿಜವಾಗಲಿಲ್ಲ. ಸಂತರ ವಿಧೇಯತೆಯನ್ನು ಮುಂದಿಟ್ಟು ಅಧಿಕಾರದ ತಪ್ಪುಗಳಿಗೆ ಪಾವಿತ್ರ್ಯ ಲೇಪಿಸುವುದು ಸಂತರಿಗೂ ಅಧಿಕಾರಕ್ಕೂ ಮಾಡುವ ಅನ್ಯಾಯ. ಇನ್ನೊಂದು ತುದಿಯಲ್ಲಿ, ಪ್ರೀತಿಯಿದ್ದರೆ ಆಜ್ಞೆ ಬೇಕಿಲ್ಲವೆಂಬ ವಾದವೂ ನಿಲ್ಲದು. ಪಿತನ ಚಿತ್ತವೇ ತನ್ನ ಆಹಾರವೆಂದ ಪುತ್ರನನ್ನು ಪ್ರೀತಿಸುವವರು ಆ ಚಿತ್ತವನ್ನು ಬದಿಗಿಡಲಾರರು.

ಈ ಸಮತೋಲನವನ್ನು ಹೇಳಲು ಕನ್ನಡದಲ್ಲೇ ಒಂದು ಒಳ್ಳೆಯ ಪದವಿದೆ. ವಿಧೇಯತೆ ಎಂಬ ಸಂಸ್ಕೃತ ಪದದಲ್ಲಿ ವಿಧಿಸುವವನ ನೆರಳು ದಟ್ಟವಾಗಿದೆ. ನಮ್ಮ ‘ಕೇಳು’ ಎಂಬ ಕ್ರಿಯಾಪದಕ್ಕಾದರೋ ಮೂರು ಅರ್ಥಗಳು: ಆಲಿಸುವುದು, ಪ್ರಶ್ನಿಸುವುದು, ಮಾತಿನಂತೆ ನಡೆಯುವುದು. ಅಮ್ಮನ ಮಾತು ಕೇಳುವ ಮಗು ಅಮ್ಮನನ್ನು ಕೇಳಲೂ ಹೆದರುವುದಿಲ್ಲ. ಲತೀನಿನ ವಿಧೇಯತೆಯ ಪದಕ್ಕೂ ಆಲಿಸುವಿಕೆಯೇ ಮೂಲ. ಪ್ರಶ್ನೆಗೂ ಎಡೆಕೊಡುವುದು ಕನ್ನಡದ ಹೆಚ್ಚಳ. ನಜರೇತಿನ ಕನ್ಯಾಮರಿಯಮ್ಮನವರು ದೇವದೂತನ ಸಂದೇಶವನ್ನು ಆಲಿಸಿದರು, ಅದು ಹೇಗೆ ಆದೀತೆಂದು ಕೇಳಿದರು, ಬಳಿಕ ಸಮ್ಮತಿಸಿದರು. ಪ್ರಶ್ನೆ ಅವರ ಸಮ್ಮತಿಯನ್ನು ಕುಂದಿಸಲಿಲ್ಲ.

ದೀಕ್ಷೆಯ ದಿನ ಧರ್ಮಾಧ್ಯಕ್ಷರ ಕೈಗಳ ನಡುವೆ ಕೈಗಳನ್ನಿಟ್ಟು ಗೌರವವನ್ನೂ ವಿಧೇಯತೆಯನ್ನೂ ವಾಗ್ದಾನಮಾಡುವ ನಾವು ಆ ವಾಗ್ದಾನವನ್ನು ಯಾವ ಪ್ರೇರಣೆಯಿಂದ ಬದುಕಲಿದ್ದೇವೆಂಬುದು ಗುರುಮಠದಲ್ಲಿಯೇ ನಿರ್ಧಾರವಾಗುತ್ತಾ ಬರುತ್ತದೆ. ಸನ್ಯಾಸಜೀವನದ ನವೀಕರಣವನ್ನು ಕುರಿತ ದ್ವಿತೀಯ ವ್ಯಾಟಿಕನ್ ಮಹಾಸಭೆಯ 1965ರ ಶಾಸನವು, ಅಧಿಕಾರಿಗಳು ಸೇವಾಮನೋಭಾವದಿಂದ ಅಧಿಕಾರ ನಡೆಸಬೇಕೆಂದೂ ತಮ್ಮ ಅಧೀನರಿಗೆ ಮನಃಪೂರ್ವಕವಾಗಿ ಕಿವಿಗೊಡಬೇಕೆಂದೂ 14ನೇ ಪರಿಚ್ಛೇದದಲ್ಲಿ ಬೋಧಿಸುತ್ತದೆ. ರೂಪಣೆಯ ಹೊಣೆ ಹೊತ್ತವರು ಅಭ್ಯರ್ಥಿಯ ಪ್ರಶ್ನೆಯನ್ನು ಅವಿಧೇಯತೆಯೆಂದು ದಾಖಲಿಸುವ ಮೊದಲು ಅದನ್ನು ಆಲಿಸಲಿ. ಅಭ್ಯರ್ಥಿಗಳು ತಮ್ಮ ಮೌನವನ್ನು ವಿಧೇಯತೆಯೆಂದು ಎಣಿಸುವ ಮೊದಲು ಅದು ಭಯವೋ ಪ್ರೀತಿಯೋ ಎಂದು ಆತ್ಮಶೋಧನೆ ಮಾಡಿಕೊಳ್ಳಲಿ.