ನೀರಾವರಿಯ ಸುಧಾರಣೆಯೂ ನೀರಿನ ಜಮಾ-ಖರ್ಚೂ

ನೀರಾವರಿಯ ಆಧುನೀಕರಣವೆಂದೊಡನೆ ಮೂರು ಕಾರ್ಯಗಳು ಕಣ್ಣ ಮುಂದೆ ನಿಲ್ಲುತ್ತವೆ: ಮಣ್ಣಿನ ಕಾಲುವೆಗೆ ಕಾಂಕ್ರೀಟಿನ ಹೊದಿಕೆ, ತೆರೆದ ಹೊಲಗಾಲುವೆಯ ಬದಲು ಕೊಳವೆ, ಹರಿನೀರಿನ ಬದಲು ಹನಿನೀರು. ಇವುಗಳಿಂದ ನೀರು ಉಳಿಯುವುದೆಂಬ ಮಾತು ಸರ್ವಮಾನ್ಯವಾಗಿದೆ. ಆದರೆ ಉಳಿಯಿತೆನ್ನುವ ನೀರು ಮೊದಲು ಎಲ್ಲಿಗೆ ಹೋಗುತ್ತಿತ್ತು, ಅಲ್ಲಿ ಯಾರನ್ನು ಸಾಕುತ್ತಿತ್ತು ಎಂದು ಕೇಳುವವರು ವಿರಳ. ಖರ್ಚಿನ ಬದಿಯನ್ನಷ್ಟೇ ಓದಿ ಜಮೆಯ ಬದಿಯನ್ನು ಮಡಚಿಡುವ ಲೆಕ್ಕ ಎಂದಿಗೂ ತಾಳೆಯಾಗದು.

ಇಂಗುವ ನೀರು ಕೇಡನ್ನೇ ತರುವ ಸಂದರ್ಭಗಳುಂಟೆಂಬುದು ನಿರ್ವಿವಾದ. ಪುಣೆಯ ಆಚೆಗಿನ ನೀರಾ ಕಣಿವೆಯಲ್ಲಿ ಕಾಲುವೆಯ ನೀರು ಕಬ್ಬಿಗೆ ಹೇರಳವಾಗಿ ಹರಿದಾಗ ಅಂತರ್ಜಲವು ಮೇಲೇರಿ, ಕರಿಯ ನೆಲದ ಮೇಲೆ ಉಪ್ಪು ಬೆಳ್ಳಗೆ ಒಡಮೂಡಿತು. ಹೆರಾಲ್ಡ್ ಮ್ಯಾನ್ ಮತ್ತು ವಿ. ಎ. ತಮ್ಹಾಣೆಯವರು 1910ರಲ್ಲಿಯೇ ಈ ಲವಣಭೂಮಿಗಳನ್ನು ಕುರಿತು ಬರೆದರು. ಅದಕ್ಕೂ ಮುನ್ನ, 1899ರ ಸುಮಾರಿಗೆ, ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ಸೂಚಿಸಿದ್ದರು. ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಗಬೇಕು, ಬೆಳೆಗಳು ಸರದಿಯಂತೆ ಬದಲಾಗಬೇಕು, ಒಂದೆಡೆ ನೀರು ನಿಂತು ನೆಲ ಕೆಡಬಾರದು ಎಂಬುದು ಅದರ ತಿರುಳು. ಅವರ ದೃಷ್ಟಿಯಲ್ಲಿ ಸುಧಾರಣೆಯೆಂದರೆ ಮೊದಲು ಹಂಚಿಕೆಯ ಶಿಸ್ತು. ಗಾರೆ ಸಿಮೆಂಟುಗಳ ಮಾತು ಅನಂತರದ್ದು.

ಇದಕ್ಕೆ ತೀರ ವಿರುದ್ಧವಾದ ನಿದರ್ಶನವು ಅಮೆರಿಕದ ಇಂಪೀರಿಯಲ್ ಕಣಿವೆಯಲ್ಲಿ ದೊರೆಯುತ್ತದೆ. ಕೊಲರಾಡೋ ನದಿಯ ನೀರನ್ನು ತರುವ ಅಲ್ಲಿನ ಆಲ್-ಅಮೆರಿಕನ್ ಕಾಲುವೆ ಮರಳುನೆಲದಲ್ಲಿ ಸೋರುತ್ತಿತ್ತು. 2007ರಲ್ಲಿ ಕೆಲಸವನ್ನಾರಂಭಿಸಿ, ಹಳೆಯ ಕಾಲುವೆಯ ಮಗ್ಗುಲಲ್ಲಿ 23 ಮೈಲು ಉದ್ದದ ಕಾಂಕ್ರೀಟು ಕಾಲುವೆಯನ್ನು ಕಟ್ಟಿದರು. ವರ್ಷಕ್ಕೆ 67,700 ಎಕರೆ-ಅಡಿ, ಎಂದರೆ ಸುಮಾರು 2.9 ಟಿ.ಎಂ.ಸಿ. ನೀರು ಉಳಿಯುವುದೆಂದು ಲೆಕ್ಕ ಹಾಕಲಾಯಿತು. ಆದರೆ ಆ ಸೋರುನೀರೇ ಗಡಿಯಾಚೆ ಮೆಕ್ಸಿಕೋದ ಮೆಹಿಕಾಲಿ ಕಣಿವೆಯ ಬಾವಿಗಳಿಗೆ ಒರತೆಯಾಗಿತ್ತು. ಅಲ್ಲಿನ ಜೌಗುಭೂಮಿಗಳಿಗೆ ಪ್ರಾಣವಾಗಿತ್ತು. ಒಂದು ದೇಶದ ನಷ್ಟವು ಇನ್ನೊಂದು ದೇಶದ ಆದಾಯವಾಗಿದ್ದಿತು. ಅದೇ ಕಣಿವೆಯ ಸಾಲ್ಟನ್ ಸರೋವರವು ಹೊಲಗಳ ಬಸಿನೀರಿನಿಂದಲೇ ಬದುಕಿದ್ದ ಜಲರಾಶಿ. ಹೊಲದಲ್ಲಿ ಮಿತವ್ಯಯ ಮಾಡಿದ ನೀರನ್ನು ನಗರಗಳಿಗೆ ಒದಗಿಸುವ 2003ರ ಒಪ್ಪಂದದ ತರುವಾಯ ಆ ಬಸಿನೀರು ಇಳಿಯಿತು. ಸರೋವರವು ಕುಗ್ಗಿ, ಬಯಲಾದ ತಳದಿಂದ ಧೂಳೆದ್ದಿತು. ಹಕ್ಕಿಗಳ ಆಹಾರವಾದ ಮೀನುಗಳು ಕ್ಷೀಣಿಸಿದವು.

ಹನಿ ನೀರಾವರಿಯ ವಿಷಯದಲ್ಲಿಯೂ ಇದೇ ವಿವೇಚನೆ ಅಗತ್ಯ. ಬೆಳೆಯು ಉಸಿರಾಗಿ ಗಾಳಿಗೆ ಬಿಟ್ಟ ನೀರು ಆ ಕಣಿವೆಗೆ ಮರಳದು; ನೆಲಕ್ಕಿಳಿದ ನೀರಾದರೋ ಬಾವಿಗೋ ಹಳ್ಳಕ್ಕೋ ಮರಳಬಹುದು. ಹನಿನೀರು ಎರಡನೆಯದನ್ನು ಬಲುಮಟ್ಟಿಗೆ ತಡೆಯುತ್ತದೆ. ಹಾಗೆ ಒದಗಿದ ನೀರಿನಿಂದ ರೈತನು ಮತ್ತೆ ನಾಲ್ಕು ಎಕರೆ ತೊಯ್ಸಿದರೆ ಗಾಳಿಗೆ ಹೋಗುವ ಪಾಲು ಹೆಚ್ಚಿ, ನದಿಗೆ ಮರಳುವ ಪಾಲು ಇಳಿಯುವುದು. ರೈತನಲ್ಲಿ ಇದರ ದೋಷವಿಲ್ಲ. ಅವನ ಸಾಲದ ಕಂತು ಹೆಚ್ಚಿನ ಬೆಳೆಯನ್ನು ಬೇಡುತ್ತದೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗ್ರಾಫ್ಟನ್ ಮತ್ತು ಸಂಗಡಿಗರು ಈ ವಿಪರ್ಯಾಸವನ್ನೇ ವಿಶದಪಡಿಸಿ, ನೀರಿನ ಸಮಗ್ರ ಲೆಕ್ಕ ಹಾಗೂ ಬಳಕೆಯ ಮಿತಿ ಇಲ್ಲದೆ ದಕ್ಷತೆಯೊಂದರಿಂದಲೇ ನದಿಗೆ ನೀರು ಮರಳದೆಂದು ತೋರಿಸಿದರು.

ಹಾಗಾದರೆ ತುಂಗಭದ್ರೆಯ ಎಡದಂಡೆಯ ಮಾತೇನು? 1953ರಲ್ಲಿ ನೀರು ಹರಿದ ಆ ಯೋಜನೆ ಬಹುಮಟ್ಟಿಗೆ ಜೋಳ, ಹತ್ತಿ, ಶೇಂಗಾಗಳಂಥ ಅಲ್ಪನೀರಿನ ಬೆಳೆಗಳನ್ನು ನಂಬಿ ರೂಪುಗೊಂಡಿತ್ತು. ಕಾಲುವೆಯ ತಲೆಯಲ್ಲಿ ಭತ್ತ ನೆಲೆನಿಂತಿತು. ಗಂಗಾವತಿ, ಸಿಂಧನೂರುಗಳ ಕಡೆ ಸವಳು-ಜವಳು ಹಬ್ಬಿತು. ಕೊನೆಯಂಚಿನ ಹೊಲಗಳು ಬಾಯಾರಿದವು. ಇಲ್ಲಿ ಸೋರಿಕೆಯನ್ನು ತಡೆಯುವುದು ಯುಕ್ತವೇ. ಆದರೆ ಬಸಿಗಾಲುವೆಯಿಲ್ಲದ, ಬೆಳೆಯ ಪದ್ಧತಿಯನ್ನು ಮುಟ್ಟದ ಹೊದಿಕೆಯಿಂದ ಅರ್ಧ ಫಲವೂ ದೊರೆಯದು.

ಆದ್ದರಿಂದ ಕಾಂಕ್ರೀಟನ್ನು ದೂಷಿಸುವುದೂ ಪೂಜಿಸುವುದೂ ಸಮನಾದ ಅವಿವೇಕ. ಸೋರುವ ನೀರು ಉಪ್ಪಿಗೆ ಸೇರುವುದೋ ಬಾವಿಗೆ ಸೇರುವುದೋ, ಉಳಿದ ನೀರು ನದಿಗೆ ಮರಳುವುದೋ ಹೊಸ ಹೊಲಕ್ಕೆ ಹರಿಯುವುದೋ ಎಂಬುದನ್ನು ಪ್ರತಿ ಕಾಲುವೆಗೂ ಬೇರೆ ಬೇರೆಯಾಗಿ ಮೊದಲೇ ಅಳೆಯಬೇಕು. ಆ ಅಳತೆಯಿಲ್ಲದ ಉಳಿತಾಯವು ಕಾಗದದ ಮೇಲಿನ ಉಳಿತಾಯ. ಅದರ ಬಾಕಿಯನ್ನು ತೀರಿಸಬೇಕಾದವನು ಕೆಳಗಿನ ಹೊಲದ ರೈತ. ಯೋಜನೆಯ ಕಡತದಲ್ಲಿ ಅವನ ಹೆಸರೇ ಇರುವುದಿಲ್ಲ.