ಎರಡನೇ ರಾಜಧಾನಿಯನ್ನು ನೋಡುವ ಬಗೆ

ಬೆಳಗಾವಿ ನೋಡಲು ಬರುವವರ ಸುತ್ತಾಟಕ್ಕೆ ಒಂದು ರೂಢಿಯ ಕ್ರಮವಿದೆ. ಬೆಳಿಗ್ಗೆ ಕೋಟೆ ಮತ್ತು ಅದರೊಳಗಿನ ಕಮಲ ಬಸದಿ, ಆಮೇಲೆ ಕಪಿಲೇಶ್ವರ ಗುಡಿ, ಕ್ಯಾಂಪಿನ ಮಿಲಿಟರಿ ಮಹಾದೇವ, ಊಟದ ಹೊತ್ತು ದಾಟಿದ ಮೇಲೆ ಹೆದ್ದಾರಿ ಪಕ್ಕದ ಸುವರ್ಣ ವಿಧಾನಸೌಧ, ಸಂಜೆ ಪೇಟೆಯಲ್ಲಿ ಕುಂದಾ ಖರೀದಿ. ಮಳೆಗಾಲದಲ್ಲಿ ಇವುಗಳಲ್ಲಿ ಒಂದೆರಡನ್ನು ಕೈಬಿಟ್ಟು ಗೋಕಾಕ ಜಲಪಾತಕ್ಕೆ ಹೋಗುವುದುಂಟು. ಗೋವಾಕ್ಕೆ ಹೊರಟವರಿಗೆ ಇಷ್ಟಕ್ಕೂ ಬಿಡುವಿರುವುದಿಲ್ಲ. ಈ ಕ್ರಮದಲ್ಲಿ ಅನುಕೂಲವೇನೋ ಇದೆ: ಊರೊಳಗಿನ ಸ್ಥಳಗಳೆಲ್ಲ ಹತ್ತಿರ ಹತ್ತಿರ ಇವೆ, ಆಟೊದಲ್ಲೇ ಸುತ್ತಿ ಮುಗಿಸಬಹುದು, ಖರ್ಚೂ ಕಡಿಮೆ. ಕೊರತೆ ಇರುವುದು ಜೋಡಣೆಯಲ್ಲಿ. ಒಂದೊಂದು ಕಟ್ಟಡವನ್ನೂ ಬಿಡಿಬಿಡಿಯಾಗಿ ತೋರಿಸುವ ಈ ಸುತ್ತು, ಇವೆಲ್ಲ ಇದೇ ಊರಿನಲ್ಲಿ ಏಕೆ ಸೇರಿಕೊಂಡವು ಎಂಬುದನ್ನು ಹೇಳುವುದಿಲ್ಲ.

ಬೆಳಗಾವಿಯನ್ನು ಕರ್ನಾಟಕದ ಎರಡನೇ ರಾಜಧಾನಿ ಎಂದು ಜನ ಕರೆಯುತ್ತಾರೆ. ಈ ಸೀಮೆಗೆ ರಾಜಧಾನಿಯ ಪಟ್ಟ ಹೊಸದಲ್ಲ. ಈಗಿನ ಖಾನಾಪುರ ತಾಲ್ಲೂಕಿನ ಹಲಸಿ, ಪಲಾಸಿಕಾ ಎಂಬ ಹೆಸರಿನಲ್ಲಿ ಬನವಾಸಿ ಕದಂಬರ ಎರಡನೇ ರಾಜಧಾನಿಯಾಗಿತ್ತು. ಮುಂದೆ ಗೋವಾ ಕದಂಬರಿಗೂ ಘಟ್ಟದ ಮೇಲಿನ ನೆಲೆಯಾಯಿತು. ಸವದತ್ತಿಯ ರಟ್ಟರು ಹದಿಮೂರನೆಯ ಶತಮಾನದ ಆರಂಭದಲ್ಲಿ ವೇಣುಗ್ರಾಮಕ್ಕೆ, ಅಂದರೆ ಈಗಿನ ಬೆಳಗಾವಿಗೆ, ತಮ್ಮ ರಾಜಧಾನಿಯನ್ನು ತಂದರು. ಆಮೇಲೆ ದೇವಗಿರಿಯ ಸೇವುಣರು, ವಿಜಯನಗರ, ಬಹಮನಿ, ಬಿಜಾಪುರ, ಮರಾಠರು, 1818ರಿಂದ ಇಂಗ್ಲಿಷರು ಹೀಗೆ ಒಡೆಯರು ಬದಲಾಗುತ್ತ ಹೋದರು. ಇವರೆಲ್ಲರನ್ನೂ ಇಲ್ಲಿಗೆ ಸೆಳೆದದ್ದು ದಾರಿ. ಗೋವಾದ ಬಂದರುಗಳಿಂದ ಘಟ್ಟ ಹತ್ತಿ ಬರುವ ಸರಕು ಬಯಲುಸೀಮೆಗೆ ಇಳಿಯುವ ಮೊದಲು ಈ ಅಂಚನ್ನು ದಾಟಲೇಬೇಕಿತ್ತು. ಆದ್ದರಿಂದ ಬೆಳಗಾವಿಯ ದರ್ಶನ ಎಷ್ಟು ಚೆನ್ನಾಗಿದೆ ಎಂದು ಅಳೆಯಲು ಒಂದೇ ಪ್ರಶ್ನೆ ಸಾಕು: ಅದು ಈ ದಾರಿಯನ್ನು ನೋಡುಗನ ಕಣ್ಣಿಗೆ ತರುತ್ತದೆಯೇ?

ಕೋಟೆಯೊಂದೇ ಅರ್ಧ ದಿನಕ್ಕೆ ಸಾಲುವಷ್ಟು ಸಂಗತಿಗಳನ್ನು ಇಟ್ಟುಕೊಂಡಿದೆ. ಕಂದಕ ದಾಟಿದರೆ ಬಾಗಿಲ ಬಳಿಯೇ ಗಣಪತಿ ಮತ್ತು ದುರ್ಗಾದೇವಿಯ ಗುಡಿಗಳು ಸಿಗುತ್ತವೆ. ಒಳಗಿನ ಕಮಲ ಬಸದಿಯನ್ನು ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ. ಗರ್ಭಗುಡಿಯಲ್ಲಿ ನೇಮಿನಾಥ ತೀರ್ಥಂಕರರ ಮೂರ್ತಿ. ಮಂಟಪದ ಚಾವಣಿಯಿಂದ ಇಳಿಬಿದ್ದ ಕಲ್ಲಿನ ತಾವರೆಗೆ 72 ದಳ. ಹಿಂದಿನ, ಇಂದಿನ, ಮುಂದಿನ ಕಾಲದ ತಲಾ 24 ತೀರ್ಥಂಕರರ ಲೆಕ್ಕ ಅದು. ಬಸದಿಗೆ ಬಂದವರು ತಲೆ ಎತ್ತಿ ತಾವರೆ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ. ಅದನ್ನು ಕಟ್ಟಿಸಿದವರ ಮಾತು ಕೇಳುವುದು ಮಾತ್ರ ಇಲ್ಲಿ ಕಷ್ಟ. ಕಾರ್ತವೀರ್ಯನ ಕಾಲದ ಬೆಳಗಾವಿಯ ಎರಡು ಶಾಸನಕಲ್ಲುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಅವುಗಳ ಪಡಿಯಚ್ಚನ್ನೋ ಕನಿಷ್ಠ ಹೊಸಗನ್ನಡದ ಸಾರಾಂಶವನ್ನೋ ಬಸದಿಯ ಎದುರಿಗೆ ನಿಲ್ಲಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಬಸದಿಯಿಂದ ನಡೆದೇ ಹೋಗಬಹುದಾದ ಸಫಾ ಮಸೀದಿಯನ್ನು ಬಿಜಾಪುರದ ಸರದಾರ ಅಸದ್ ಖಾನ್ 1519ರಲ್ಲಿ ಕಟ್ಟಿಸಿದ. ಅದರ ಕಂಬಗಳಲ್ಲಿ ಕೆಲವು ಹಳೆಯ ಗುಡಿಗಳವು, ಶಾಸನ ಹೊತ್ತವು. ರಟ್ಟರ ಕಾಲದ ಕಲ್ಲು ಬಿಜಾಪುರದ ಕಾಲದ ಮಸೀದಿಯ ಭಾರ ಹೊತ್ತಿದೆ. ಒಂದು ಆಳ್ವಿಕೆ ಹಿಂದಿನದನ್ನು ಕೆಡವಿದ್ದು, ಕೆಡವಿದ್ದನ್ನು ಬಳಸಿದ್ದು, ಬಳಸಿದ್ದರಿಂದಲೇ ಉಳಿಸಿದ್ದು ಮೂರೂ ಒಂದೇ ಕಂಬದಲ್ಲಿ ಕಾಣುವ ಜಾಗ ಇದು. ಆದರೂ ರೂಢಿಯ ಸುತ್ತಿನಲ್ಲಿ ಜೈನ ಯಾತ್ರಿಕರು ಬಸದಿಗಷ್ಟೇ, ನಮಾಜಿಗೆ ಬಂದವರು ಮಸೀದಿಗಷ್ಟೇ, ವಿವೇಕಾನಂದರ ಅಭಿಮಾನಿಗಳು ರಾಮಕೃಷ್ಣ ಆಶ್ರಮಕ್ಕಷ್ಟೇ ಹೋಗಿ ಮರಳುವುದೇ ಹೆಚ್ಚು. ಆಶ್ರಮದ ಆವರಣದಲ್ಲಿರುವುದು 1892ರ ಅಕ್ಟೋಬರಿನಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ, ಅರಣ್ಯ ಅಧಿಕಾರಿ ಹರಿಪದ ಮಿತ್ರರ ಮನೆ. ಬಂಗಾಳದ ಅಧಿಕಾರಿಯೊಬ್ಬರು ಬೆಳಗಾವಿ ಕೋಟೆಯೊಳಗೆ ಮನೆ ಮಾಡಿಕೊಂಡಿದ್ದರು ಎಂಬುದೇ ಇಂಗ್ಲಿಷ್ ಆಡಳಿತ ಈ ಊರನ್ನು ಹೇಗೆ ಬಳಸಿತು ಎಂಬುದಕ್ಕೆ ಸಾಕ್ಷಿ. ಏಳು ಶತಮಾನ ಒಂದೇ ಕಂದಕದೊಳಗೆ ಇದ್ದರೂ ನೋಡುಗರಿಗೆ ಮೂರು ಬೇರೆ ಬೇರೆ ಊರುಗಳಂತೆ ಕಾಣುತ್ತವೆ. ಕೋಟೆಯ ಬಹುಭಾಗ ಸೇನೆಯ ಆಡಳಿತಕ್ಕೆ ಸೇರಿರುವುದರಿಂದ ಬೇಕೆಂದಲ್ಲಿ ಅಡ್ಡಾಡಲು ಆಗುವುದಿಲ್ಲ. ತೆರೆದಿರುವ ಜಾಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುವುದಕ್ಕೆ ಅದು ಅಡ್ಡಿಯಲ್ಲ.

ಕೋಟೆಯ ನಂತರ ತೂಕದ ಜಾಗ ಟಿಳಕವಾಡಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಇಲ್ಲಿ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಬಯಲಿನಲ್ಲಿ ಎದ್ದ ಆ ತಾತ್ಕಾಲಿಕ ಊರಿಗೆ ವಿಜಯನಗರ ಎಂದು ಹೆಸರಿಟ್ಟರು. ನೀರಿಗಾಗಿ ತೋಡಿದ ಬಾವಿ ಪಂಪಾ ಸರೋವರವಾಯಿತು. ಹುಯಿಲಗೋಳ ನಾರಾಯಣರಾಯರ ಏಕೀಕರಣದ ಹಾಡು ಮೊದಲು ಮೊಳಗಿದ್ದು ಇಲ್ಲೇ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನ ಸೇರಿದ್ದೂ ಇಲ್ಲೇ. ಕನ್ನಡನಾಡು ಒಂದಾಗಬೇಕೆಂಬ ಬೇಡಿಕೆ ರಾಷ್ಟ್ರೀಯ ಹೋರಾಟದ ಪಕ್ಕದಲ್ಲೇ ಕುಳಿತ ಜಾಗ ಎಂಬುದು ಟಿಳಕವಾಡಿಯ ಹೆಚ್ಚುಗಾರಿಕೆ. ಬಾವಿ ಇಂದಿಗೂ ಇದೆ, ಪಕ್ಕದಲ್ಲಿ ವೀರಸೌಧವಿದೆ, ಹಳೆಯ ಫೋಟೊಗಳ ಸಂಗ್ರಹವಿದೆ. ಮುಂದೆ ಹಾಯುವ ಕಾಂಗ್ರೆಸ್ ರಸ್ತೆಗೆ ಹೆಸರು ಬಂದದ್ದೂ ಆ ಅಧಿವೇಶನದಿಂದ. 2024ರ ಡಿಸೆಂಬರಿನಲ್ಲಿ ಶತಮಾನೋತ್ಸವಕ್ಕೆಂದು ಊರಿಗೆ ಊರೇ ದೀಪಗಳಿಂದ ಬೆಳಗಿತು. ಮೈಸೂರು ದಸರೆಯ ಮಾದರಿಯ ಆ ಅಲಂಕಾರ ನೋಡಲು ಸುತ್ತಲ ಹಳ್ಳಿಗಳಿಂದ ಜನ ಬಂದರು. ದೀಪ ಇಳಿಸಿದ ಮೇಲೆ ಉಳಿಯಬೇಕಾದ ವಿವರಣೆ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ಏಕೀಕರಣ ಸಮ್ಮೇಳನದ ಕಥೆಗೆ ವೀರಸೌಧದ ಗೋಡೆಗಳಲ್ಲಿ ಅಧಿವೇಶನದಷ್ಟೇ ಜಾಗ ಸಿಕ್ಕಿದ್ದರೆ ಕನ್ನಡದ ಓದುಗರಿಗೆ ಅದು ಹೆಚ್ಚು ಬೆಲೆಬಾಳುತ್ತಿತ್ತು.

ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಅದಕ್ಕೂ ಮೊದಲು 2006ರಲ್ಲೇ ವಿಧಾನಮಂಡಲದ ಅಧಿವೇಶನ ಬೆಳಗಾವಿಯಲ್ಲಿ ಸೇರಿತ್ತು. ಚಳಿಗಾಲದ ಅಧಿವೇಶನದ ಕೆಲವು ದಿನ ಕಟ್ಟಡಕ್ಕೆ ಜೀವ ಬರುತ್ತದೆ, ಎದುರಿಗೆ ಧರಣಿಯ ಪೆಂಡಾಲುಗಳೂ ಏಳುತ್ತವೆ. ವರ್ಷದ ಉಳಿದ ಕಾಲದಲ್ಲಿ ನೋಡುಗನ ಪಾಲಿಗೆ ಅದು ದೂರದಿಂದ ಕಾಣುವ ಮುಖ ಮಾತ್ರ. 2025ರ ಜನವರಿಯಲ್ಲಿ ಅನಾವರಣಗೊಂಡ ಗಾಂಧೀಜಿ ಪ್ರತಿಮೆಯಿಂದ ಫೋಟೊ ತೆಗೆಯುವ ಜಾಗವೊಂದು ಹೆಚ್ಚಿತು. ಈ ಗಡಿಸೀಮೆಗೆ ಶಾಸನಸಭೆ ಏಕೆ ಬಂತು ಎಂಬುದಕ್ಕೆ ಉತ್ತರ ಅದರಲ್ಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆ, ಮಹಾಜನ ಆಯೋಗದ ವರದಿ, ಮಹಾರಾಷ್ಟ್ರದ ಹಕ್ಕುಸಾಧನೆ, ಸುಪ್ರೀಂ ಕೋರ್ಟಿನ ಮೊಕದ್ದಮೆ ಇವುಗಳ ಹಿನ್ನೆಲೆ ಗೊತ್ತಿಲ್ಲದವರಿಗೆ ಅದು ಬರೀ ದೊಡ್ಡ ಕಟ್ಟಡ.

ಇಲ್ಲಿ ಆಗ್ನೇಯ ಏಷ್ಯಾದ ಒಂದು ರಾಜಧಾನಿಯ ಅನುಭವ ನೆನೆಯಬೇಕು. ವಿಯೆಟ್ನಾಮಿನ ಹನೋಯ್‌ನಲ್ಲಿ ಹೊಸ ರಾಷ್ಟ್ರೀಯ ಸಭಾಭವನಕ್ಕಾಗಿ 2002ರಲ್ಲಿ ನೆಲ ಅಗೆದಾಗ ಥಾಂಗ್ ಲಾಂಗ್ ಅರಮನೆಗಳ ಅಡಿಪಾಯಗಳು ಹೊರಬಂದವು. 1010ರಲ್ಲಿ ಲೀ ವಂಶದ ದೊರೆ ರಾಜಧಾನಿ ಮಾಡಿಕೊಂಡ ಜಾಗ ಅದು. ಆ ಜಾಗದ ಒಂದು ಭಾಗವನ್ನು ಹಾಗೆಯೇ ಉಳಿಸಿಕೊಂಡರು, 2010ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಸಭಾಭವನದ ನೆಲಮಾಳಿಗೆಯಲ್ಲೇ ವಸ್ತುಸಂಗ್ರಹಾಲಯ ತೆರೆಯಿತು. ಇಂದಿನ ಶಾಸನ ಮಾಡುವ ಮನೆಯ ಕೆಳಗೆ ಹಳೆಯ ಆಳ್ವಿಕೆಗಳ ಪದರಗಳು ಕಾಣುತ್ತವೆ. ಸುವರ್ಣ ವಿಧಾನಸೌಧ ನಿಂತಿರುವ ಹಲಗಾ ಗುಡ್ಡದ ಕೆಳಗೆ ಹಾಗೆ ಅರಮನೆ ಸಿಗಲಿಲ್ಲ. ಆದರೆ ಕದಂಬರ ತಾಮ್ರಪಟ, ರಟ್ಟರ ಶಾಸನ, 1924ರ ಕಾಗದಪತ್ರಗಳ ಪ್ರತಿಗಳನ್ನು ಒಂದು ಸಭಾಂಗಣದಲ್ಲಿಟ್ಟು ವರ್ಷವಿಡೀ ತೆರೆದಿಟ್ಟರೆ, ಖಾಲಿ ನಿಲ್ಲುವ ಕಟ್ಟಡ ಎಂಬ ದೂರಿಗೂ ಒಂದು ಉತ್ತರವಾದೀತು.

ರೂಢಿಯ ಸುತ್ತು ಸಾಮಾನ್ಯವಾಗಿ ಟಿಳಕವಾಡಿಯ ಮೂರನೇ ರೈಲ್ವೆ ಗೇಟಿನ ಆಚೆ ಹೋಗುವುದಿಲ್ಲ. ದಾರಿಯ ಕಥೆ ಶುರುವಾಗುವುದು ಅಲ್ಲಿಂದಲೇ. ಗೇಟು ದಾಟಿದರೆ ಉದ್ಯಮಬಾಗ; ಫೌಂಡ್ರಿಗಳು, ಬಿಡಿಭಾಗಗಳ ಕಾರ್ಖಾನೆಗಳು, ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬುವ ಕಾರ್ಮಿಕರು. ಪ್ರವಾಸಿ ಪುಸ್ತಕಗಳಲ್ಲಿ ಜಾಗವಿಲ್ಲದ ಈ ಬೀದಿಯೇ ಇಂದಿನ ಬೆಳಗಾವಿಯ ಅನ್ನ. ಅದರಾಚೆ ಪೀರನವಾಡಿ. ಇಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಮಚ್ಛೆಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಂದೆ ಹಾದು ಖಾನಾಪುರಕ್ಕೆ, ಇನ್ನೊಂದು ಜಾಂಬೋಟಿ, ಕಣಕುಂಬಿ ಮೂಲಕ ಚೋರ್ಲಾ ಘಟ್ಟಕ್ಕೆ. ಗೋವಾಕ್ಕೆ ಹೋಗುವ ಕಾರುಗಳು ಈ ಕವಲಿನಲ್ಲಿ ನಿಲ್ಲದೆ ತಿರುಗುತ್ತವೆ. ಇದೇ ಪೀರನವಾಡಿ ವೃತ್ತದಲ್ಲಿ 2020ರ ಆಗಸ್ಟಿನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ನಿಲ್ಲಿಸುವ ವಿಚಾರವಾಗಿ ಕನ್ನಡ ಮತ್ತು ಮರಾಠಿ ಸಂಘಟನೆಗಳ ನಡುವೆ ತಿಕ್ಕಾಟವಾಯಿತು. ರಾಯಣ್ಣನಿಗೂ ಛತ್ರಪತಿ ಶಿವಾಜಿಗೂ ಅಲ್ಲಿ ಮಾನ ಸಿಗುವಂತೆ ಮಾತುಕತೆಯಲ್ಲಿ ಬಗೆಹರಿಯಿತು. ಎರಡು ಭಾಷೆಯ ಜನ ಒಂದೇ ಮಾರುಕಟ್ಟೆ, ಒಂದೇ ಬಸ್ ನಿಲ್ದಾಣ ಹಂಚಿಕೊಂಡು ಬಾಳುವ ಊರಿನಲ್ಲಿ ಚರಿತ್ರೆಯ ವೀರರು ಹೇಗೆ ಇಂದಿನ ಮಾತಾಗುತ್ತಾರೆ ಎಂದು ಅರಿಯಲು ಯಾವ ಮ್ಯೂಸಿಯಂಗಿಂತಲೂ ಈ ವೃತ್ತ ಮೇಲು.

ರಾಯಣ್ಣನ ಪ್ರತಿಮೆ ಪೀರನವಾಡಿಯಲ್ಲಿ ನಿಂತದ್ದಕ್ಕೆ ಅರ್ಥ ಹೊಳೆಯುವುದು ಖಾನಾಪುರದ ದಾರಿ ಹಿಡಿದು ನಂದಗಡ ಮುಟ್ಟಿದಾಗ. ಕಿತ್ತೂರಿನ ಪತನದ ನಂತರವೂ ಇಂಗ್ಲಿಷರ ವಿರುದ್ಧ ಕಾದಾಡಿದ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲಿ. ಗೋವಾ ಮತ್ತು ಬಯಲುಸೀಮೆಯ ನಡುವಿನ ವ್ಯಾಪಾರದ ಪೇಟೆಯಾಗಿದ್ದ ನಂದಗಡದಲ್ಲಿ ಕೊಟ್ಟ ಶಿಕ್ಷೆಯ ಸುದ್ದಿ ದಾರಿಯುದ್ದಕ್ಕೂ ಹರಡದೆ ಇರುತ್ತಿರಲಿಲ್ಲ. ಸಮಾಧಿಯ ಮೇಲಿನ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ಸಣ್ಣ ತೊಟ್ಟಿಲು ಕಟ್ಟುತ್ತಾರೆ. ಪ್ರವಾಸಿಯ ನೋಟಕ್ಕಿಂತ ಭಕ್ತರ ನಡೆ ಇಲ್ಲಿ ಚರಿತ್ರೆಯನ್ನು ಗಟ್ಟಿಯಾಗಿ ಕಾಪಾಡಿದೆ ಎಂಬುದನ್ನು ಒಪ್ಪಬೇಕು.

ಹಲಸಿ ಈ ದಾರಿಯ ಅತಿ ದೊಡ್ಡ ಲಾಭ, ಅತಿ ಹೆಚ್ಚು ಕಡೆಗಣನೆಗೆ ಸಿಕ್ಕಿದ್ದೂ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ದೊರೆತ ತಾಮ್ರಪಟಗಳು ಕದಂಬರ ಚರಿತ್ರೆಯ ಮುಖ್ಯ ಆಧಾರಗಳಲ್ಲಿ ಸೇರಿವೆ. ಮೃಗೇಶವರ್ಮ ತಂದೆಯ ನೆನಪಿಗೆ ಪಲಾಸಿಕೆಯಲ್ಲಿ ಜಿನಾಲಯ ಕಟ್ಟಿಸಿದ್ದು, ರವಿವರ್ಮ ಕಾರ್ತಿಕದಲ್ಲಿ ಎಂಟು ದಿನದ ಜಿನಪೂಜೆ ನಡೆಸಬೇಕೆಂದೂ ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ಕೊಡಬೇಕೆಂದೂ ಕಟ್ಟಳೆ ಮಾಡಿದ್ದು ಈ ಪಟಗಳಿಂದ ತಿಳಿಯುತ್ತದೆ. ಖಾನಾಪುರದ ಮಳೆ ಕಂಡವರಿಗೆ ಆ ಕಟ್ಟಳೆಯ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಗೋವಾ ಕದಂಬರ ಕಾಲದ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿ ನಿಂತಿವೆ, ನಡುವೆ ಮಂಟಪ. ಮೆಟ್ಟಿಲು ಮೆಟ್ಟಿಲಾಗಿ ಏರುವ ಕದಂಬ ಶಿಖರವನ್ನು ಇಲ್ಲಿ ನೋಡಿದರೆ, ಕಿತ್ತೂರಿಗೆ ಹತ್ತಿರದ ದೇಗಾಂವಿಯಲ್ಲಿ ಅದೇ ಮನೆತನದ ರಾಣಿ ಕಮಲಾದೇವಿ ತಿಪ್ಪೋಜನೆಂಬ ಶಿಲ್ಪಿಯಿಂದ ಕಟ್ಟಿಸಿದ ಕಮಲನಾರಾಯಣ ಗುಡಿಯ ಕೆತ್ತನೆ ಎಷ್ಟು ಮುಂದೆ ಹೋಗಿದೆ ಎಂಬುದು ಅಳತೆಗೆ ಸಿಗುತ್ತದೆ. ಎರಡನ್ನೂ ಒಂದೇ ದಿನ ನೋಡಿದವರಿಗೆ ಗೋವಾ ಕದಂಬರು ಕರಾವಳಿಯ ಹಣವನ್ನು ಘಟ್ಟದ ಮೇಲೆ ಹೇಗೆ ಕಲ್ಲಾಗಿಸಿದರು ಎಂಬುದು ಅರ್ಥವಾಗುತ್ತದೆ.

ಪೀರನವಾಡಿಯ ಇನ್ನೊಂದು ಕವಲು ಕಾಡಿನದು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಮೂಡಣಕ್ಕೆ ಹರಿಯುತ್ತಾಳೆ. ಇದೇ ಕಾಡುಗಳಿಂದ ಮಹಾದಾಯಿ ಪಡುವಣಕ್ಕೆ ಇಳಿಯುತ್ತಾಳೆ. ಕರ್ನಾಟಕ ಮತ್ತು ಗೋವಾ ನಡುವಿನ ನೀರಿನ ವ್ಯಾಜ್ಯದ ಬೇರು ಈ ಪುಟ್ಟ ಹರವಿನಲ್ಲಿದೆ. ಪೋರ್ತುಗೀಸರ ಮೇಲೆ ಕಣ್ಣಿಡಲು ಶಿವಾಜಿ ಕಟ್ಟಿಸಿದ ಭೀಮಗಡದ ಸುತ್ತಲಿನ 190 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು; ಬಾರಾಪೇಡೆ ಗುಹೆಗಳ ಅಪರೂಪದ ಬಾವಲಿ ಅದರ ಹೆಮ್ಮೆ. ಒಳಗಿನ ತಳೆವಾಡಿಯ ಕುಟುಂಬಗಳಿಗೆ ಪರಿಹಾರ ಕೊಟ್ಟು ಹೊರಗೆ ನೆಲೆಗೊಳಿಸುವ ಕೆಲಸ 2025ರಲ್ಲಿ ಶುರುವಾಯಿತು. ಊರಿನವರೇ ಕಾಡು ಬಿಟ್ಟು ಹೊರಡುವಾಗ ಮಳೆಗಾಲದ ವಾರಾಂತ್ಯದಲ್ಲಿ ಜಲಪಾತಗಳಿಗೆ ನುಗ್ಗುವ ಗುಂಪುಗಳನ್ನು ಪ್ರವಾಸೋದ್ಯಮದ ಗೆಲುವೆಂದು ಎಣಿಸುವುದು ಸರಿಯಲ್ಲ. ಈ ಕವಲನ್ನು ಕಡಿಮೆ ಜನ, ಅರಣ್ಯ ಇಲಾಖೆಯ ಅನುಮತಿಯೊಡನೆ, ನಿಧಾನವಾಗಿ ನೋಡುವುದೇ ಲೇಸು.

ಒಟ್ಟಿನಲ್ಲಿ ಬೆಳಗಾವಿಯ ರೂಢಿಯ ದರ್ಶನ ಜೇಬಿಗೆ ಹಗುರ, ತಿಳಿವಿಗೂ ಹಗುರ. ಸ್ಥಳಗಳ ಕೊರತೆ ಇಲ್ಲಿಲ್ಲ, ಅವುಗಳ ರಕ್ಷಣೆಯೂ ಪೂರ್ತಿ ಕೆಟ್ಟಿಲ್ಲ. ಇಲ್ಲದಿರುವುದು ಸರಣಿ. ಮೊದಲ ದಿನ ಕೋಟೆ, ಟಿಳಕವಾಡಿ, ಸುವರ್ಣಸೌಧ; ಎರಡನೇ ದಿನ ಉದ್ಯಮಬಾಗ, ಪೀರನವಾಡಿ, ನಂದಗಡ, ಹಲಸಿ ಎಂಬ ಎರಡು ದಿನದ ಕ್ರಮವೊಂದು ನೆಲೆಗೊಂಡರೆ ರಾಜಧಾನಿ ಎಂಬ ಮಾತಿಗೆ ಸಾವಿರದೈನೂರು ವರ್ಷದ ಆಧಾರ ಕಣ್ಣೆದುರು ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಖಾನಾಪುರದಿಂದ ಹಲಸಿಗೆ ಹೊತ್ತುಗೊತ್ತಿನ ಬಸ್ಸು, ಕನ್ನಡ ಮತ್ತು ಮರಾಠಿ ಎರಡರಲ್ಲೂ ಬರೆದ ಫಲಕಗಳು, ಒಂದು ಸ್ಥಳದಿಂದ ಮುಂದಿನದಕ್ಕೆ ಕೊಂಡಿ ಹಾಕಬಲ್ಲ ತರಬೇತಾದ ಮಾರ್ಗದರ್ಶಿಗಳು. ಹೊಸ ಪ್ರತಿಮೆ, ಹೊಸ ದೀಪಾಲಂಕಾರಗಳಿಗಿಂತ ಇವುಗಳಿಗೆ ಹಣ ಕಡಿಮೆ ಸಾಕು, ಫಲ ಹೆಚ್ಚು ಕಾಲ ನಿಲ್ಲುತ್ತದೆ.